ಎದ್ದು ನಿಲ್ಲು ಅಂದ ಭಾನುವಾರ

6 ಸೆಪ್ಟೆಂಬರ್ 1988

ಪ್ರೀತಿಯ ತಂಗಿಗೆ,

ಕರ್ತನ ದಯೆಯಿಂದ ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಮಂಡಿನೋವು ಕಡಿಮೆಯಾಗಿದೆ, ನಾಲಗೆಯ ಚುರುಕು ಮಾತ್ರ ಹಾಗೇ ಇದೆ. ಭಾವ ಇನ್ನೂ ಲಿಫ್ಟಿನ ತಲೆಯ ಮೇಲೆ ಕೂತೇ ರಿಪೇರಿ ಮಾಡುತ್ತಾರೆಯೇ? ಹುಷಾರಾಗಿರಲು ಹೇಳು. ನಿನ್ನ ಕಟ್ಟುಹಲ್ಲುಗಳ ವ್ಯಾಪಾರ ಹೇಗಿದೆ? ನಮ್ಮ ಚರ್ಚಿನ ಸಭೆಯ ಮುದುಕರೆಲ್ಲ ನಿನ್ನನ್ನು ಕೇಳುತ್ತಿರುತ್ತಾರೆ, ಅರ್ಧ ಪ್ರೀತಿಗೆ, ಅರ್ಧ ಹಲ್ಲಿಗೆ.

ನಿನಗೆ ಒಂದು ವಿಷಯ ತಿಳಿಸಬೇಕು. ಪಿಟೀಲು ನೆನಪಿದ್ದಾಳಲ್ಲ? ನೀನು ಇಲ್ಲಿ ಸಂಡೇಸ್ಕೂಲ್ ನಡೆಸುವಾಗ ಸಣ್ಣ ದನಿಯಲ್ಲಿ ಎಳೆದೆಳೆದು ಹಾಡುತ್ತಿದ್ದವಳು, ಆ ಹೆಸರಿಟ್ಟವಳೂ ನೀನೇ. ಈಗ ಹತ್ತೊಂಬತ್ತು ವರ್ಷ. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಭಾನುವಾರ ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳೂ ಅವಳೇ. ಅವಳು ಮದುವೆಯಾದ ಒಬ್ಬನ ಜೊತೆ ಓಡಾಡುತ್ತಿದ್ದಾಳೆ ಎಂದು ನಂಬುವಂಥವರೇ ಬಂದು ಹೇಳಿದರು. ಸಭೆಯ ಹಿರಿಯರೂ ಬಿಡಲಿಲ್ಲ. ಅಯ್ಯನವರೇ, ಸಭಾಪಾಲಕರಾದ ನೀವೇ ಮೆತ್ತಗಾದರೆ ಸಭೆ ಕೈತಪ್ಪುತ್ತದೆ ಎಂದು ನನಗೆ ಹೇಳಿದರು.

ಮೊನ್ನೆ ಭಾನುವಾರ ಆರಾಧನೆಯಲ್ಲಿ ನನ್ನ ಪ್ರಸಂಗ ಮುಗಿದ ಮೇಲೆ ಪೀಠದಿಂದಲೇ ಅವಳ ಕಡೆ ನೋಡಿ, ಎದ್ದು ನಿಲ್ಲು ಅಂದೆ. ನಿಂತಳು. ಕೈಯಲ್ಲಿ ಮಕ್ಕಳಿಗೆ ಹಂಚುವ ಚಿತ್ರಗಳಿದ್ದವು. ಆದದ್ದೆಲ್ಲವನ್ನೂ ಎಲ್ಲರ ಮುಂದೆ ಹೇಳಿದೆ. ಪಶ್ಚಾತ್ತಾಪ ಪಡುವವರೆಗೆ ಕರ್ತನ ಭೋಜನಕ್ಕೂ ಬರಬೇಡ, ಮಕ್ಕಳ ಹತ್ತಿರಕ್ಕೂ ಹೋಗಬೇಡ ಅಂದೆ. ಪಕ್ಕದಲ್ಲಿದ್ದ ಅವಳ ತಾಯಿ ಮುಖ ಮುಚ್ಚಿಕೊಂಡರು. ಹುಡುಗಿ ಚಿತ್ರಗಳನ್ನು ಅಂಚು ಸೇರಿಸಿ ಜೋಡಿಸಿ ಕುರ್ಚಿಯ ಮೇಲಿಟ್ಟಳು. ಕೂತುಕೋ ಎನ್ನಲು ನನಗೆ ಮರೆತೇಹೋಯಿತು. ಕೊನೆಯ ಕೀರ್ತನೆ ಮುಗಿಯುವವರೆಗೂ ನಿಂತೇ ಇದ್ದಳು.

ಕಷ್ಟವಾಯಿತು, ಆದರೆ ಪ್ರೀತಿಯಿಂದಲೇ ಮಾಡಿದೆ. ಹಿರಿಯರು ಕೈಕುಲುಕಿ, ಈಗ ಸಭೆಗೊಬ್ಬ ಯಜಮಾನ ಇದ್ದಾನೆ ಅನ್ನಿಸಿತು ಎಂದರು. ನಿನ್ನ ಅತ್ತಿಗೆ ಮಾತ್ರ ಅವತ್ತಿನಿಂದ ಮಾತಾಡುತ್ತಿಲ್ಲ. ಮಂಡಿನೋವು ಮರುಕಳಿಸಿರಬೇಕು.

ಹುಡುಗಿ ಸೋಮವಾರ ಕೆಲಸಕ್ಕೆಂದು ಹೊರಟವಳು ಮನೆಗೆ ಬಂದಿಲ್ಲವಂತೆ. ತಾಯಿ ಇವತ್ತು ಬೆಳಿಗ್ಗೆ ಬಂದು ಕೇಳಿದರು. ನಾಚಿಕೆಯಿಂದ ಯಾರೋ ಗೆಳತಿಯ ಮನೆಯಲ್ಲಿದ್ದಾಳೆ, ಬರುತ್ತಾಳೆ ಬಿಡಿ ಎಂದು ಸಮಾಧಾನ ಹೇಳಿ ಕಳಿಸಿದೆ.

ನಿನ್ನ ಅಣ್ಣ


9 ಸೆಪ್ಟೆಂಬರ್ 1988

ಅಣ್ಣಾ,

ನಿನ್ನ ಕಾಗದವನ್ನು ಕೆಲಸದ ಜಾಗದಲ್ಲೇ, ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ಓದಿದೆ. ಓದಿದ ಮೇಲೆ ಒಂದು ಅಚ್ಚು ಕೈಜಾರಿ ಒಡೆಯಿತು. ಯಾರದೋ ಕೆಳದವಡೆ. ಮತ್ತೆ ಕರೆಸಿ ಅಳತೆ ತೆಗೆಯಬೇಕು.

ನೀನು ನನಗಿಂತ ದೊಡ್ಡವನು, ಸಭಾಪಾಲಕ. ನಿನಗೆ ಬುದ್ಧಿ ಹೇಳುವುದೆಂದರೆ ನನಗೆ ಭಯ. ಹೇಳದೇ ಇದ್ದರೆ ಇನ್ನೂ ಭಯ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟಾದರೂ ಕೊನೆಯವರೆಗೆ ಓದು.

ಆ ಭಾನುವಾರಕ್ಕೆ ಮುಂಚೆ ನೀನು ಒಂದು ಸಲವಾದರೂ ಅವಳ ಮನೆಯ ಮೆಟ್ಟಿಲು ಹತ್ತಿದ್ದೆಯಾ? ಇದು ನಿಜವೇನಮ್ಮ ಎಂದು ಅವಳನ್ನೇ ಕೇಳಿದ್ದೆಯಾ? ಸಹೋದರ ತಪ್ಪಿದರೆ ಮೊದಲು ಒಬ್ಬನೇ ಹೋಗು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಮೇಲೆ ಸಭೆ, ಇದನ್ನು ನನಗೆ ಕಲಿಸಿದವನೇ ನೀನು. ನೀನು ಮೊದಲೆರಡನ್ನೂ ಬಿಟ್ಟು ಕೊನೆಯದಕ್ಕೇ ಹಾರಿದೆ. ಅಪ್ಪ ನಮ್ಮ ತಪ್ಪು ಹೇಳುವಾಗ ಏನು ಮಾಡುತ್ತಿದ್ದರು, ಮರೆತೆಯಾ? ಎದ್ದುಹೋಗಿ ಕೋಣೆಯ ಬಾಗಿಲು ಮುಚ್ಚುತ್ತಿದ್ದರು. ಅಮ್ಮನಿಗೂ ಕೇಳಿಸಬಾರದು ಅಂತ.

ಇನ್ನೊಂದು. ಮದುವೆಯಾದ ಒಬ್ಬ ಎಂದು ಬರೆದೆ. ಆ ಒಬ್ಬ ಯಾರು? ಅವನ ಬಗ್ಗೆ ನಿನ್ನ ಕಾಗದದಲ್ಲಿ ಬೇರೆ ಒಂದಕ್ಷರವಿಲ್ಲ. ಇಬ್ಬರು ಮಾಡಿದ ತಪ್ಪಿಗೆ ಒಬ್ಬಳನ್ನೇ ನಿಲ್ಲಿಸಿದೆ.

ಅಣ್ಣಾ, ನನ್ನನ್ನು ಎಲ್ಲಕ್ಕಿಂತ ಹೆದರಿಸಿದ್ದು ಕೂತುಕೋ ಎನ್ನಲು ಮರೆತೆ ಎಂದು ಬರೆದಿದ್ದೀಯಲ್ಲ, ಅದು. ಅವಳು ಈಗಲೂ ಎಲ್ಲೋ ನಿಂತೇ ಇದ್ದಾಳೆ ಅನ್ನಿಸುತ್ತದೆ. ಗೆಳತಿಯ ಮನೆಯಲ್ಲಿದ್ದಾಳೆ ಎಂದು ಸುಮ್ಮನೆ ಕೂರಬೇಡ. ಈ ಕಾಗದ ಮಡಿಸಿಟ್ಟು ಈಗಲೇ ಹುಡುಕಲು ಹೋಗು. ಸಿಕ್ಕಿದರೆ ಉಪದೇಶ ಬೇಡ, ಮೊದಲು ಊಟ ಆಯಿತಾ ಎಂದು ಕೇಳು.

ನೀನು ಕೆಟ್ಟವನೆಂದು ಬರೆಯುತ್ತಿಲ್ಲ. ನಿನ್ನ ಮೇಲಿನ ಪ್ರೀತಿಗೇ ಬರೆಯುತ್ತಿದ್ದೇನೆ.

ನಿನ್ನ ತಂಗಿ


10 ಸೆಪ್ಟೆಂಬರ್ 1988

ತಂಗೀ,

ನಿನ್ನ ಉತ್ತರಕ್ಕೆ ಕಾಯಲು ಆಗದೆ ಬರೆಯುತ್ತಿದ್ದೇನೆ. ಪಿಟೀಲು ಸಿಕ್ಕಿಲ್ಲ. ಅವಳ ಚೀಲ ಸಿಕ್ಕಿದೆ.

ಹಳೇ ಸೇತುವೆಯ ಮೋಟುಗೋಡೆಯ ಮೇಲಿತ್ತಂತೆ. ಪೊಲೀಸ್ ಠಾಣೆಯಲ್ಲಿ ಮೇಜಿನ ಮೇಲೆ ಒಂದೊಂದೇ ತೆಗೆದಿಟ್ಟರು. ಊಟದ ಡಬ್ಬಿ, ಬಾಚಣಿಗೆ, ಫ್ಯಾಕ್ಟರಿಯಲ್ಲಿ ಕೂದಲಿಗೆ ಹಾಕುವ ಬಿಳೀ ಟೋಪಿ. ಡಬ್ಬಿಯಲ್ಲಿ ಊಟ ಹಾಗೇ ಇತ್ತು, ಹಳಸಿ ವಾಸನೆ ಬರುತ್ತಿತ್ತು. ತಾಯಿ ಡಬ್ಬಿಯ ಮುಚ್ಚಳ ಮತ್ತೆ ಹಾಕಿ, ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವರು ಇಸ್ತ್ರಿ ಅಂಗಡಿ ಇಟ್ಟುಕೊಂಡು ಒಬ್ಬರೇ ಅವಳನ್ನು ಸಾಕಿದ್ದು ನಿನಗೆ ಗೊತ್ತು.

ಇನ್‌ಸ್ಪೆಕ್ಟರ್ ಕೇಳಿದ, "ಹುಡುಗಿಗೆ ಯಾರ ಜೊತೆಗಾದ್ರೂ ಜಗಳ ಆಗಿತ್ತಾ? ಯಾರಾದ್ರೂ ಏನಾದ್ರೂ ಅಂದಿದ್ರಾ?"

ತಾಯಿ ನನ್ನ ಮುಖ ನೋಡಿದರು. ಆಮೇಲೆ, "ಇಲ್ಲ ಸಾರ್, ಯಾರೂ ಏನೂ ಅಂದಿಲ್ಲ" ಅಂದರು.

ನನ್ನನ್ನು ಕಾಪಾಡಿದರು. ನಾನು ತುಟಿ ಬಿಚ್ಚಲಿಲ್ಲ. ಹುಡುಗಿಗೆ ಏನಾಯಿತೋ ಎಂಬ ಭಯಕ್ಕಲ್ಲ, ನನ್ನ ಹೆಸರು ಬರುತ್ತದೆಂಬ ಭಯಕ್ಕೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ.

ದೋಣಿಗಳನ್ನು ಇಳಿಸಿದ್ದಾರೆ. ಉದ್ದದ ಗಳುಗಳಿಗೆ ಕೊಕ್ಕೆ ಕಟ್ಟಿ ನೀರಿನಲ್ಲಿ ಎಳೆಯುತ್ತಾರೆ. ನಾನು ದಡದಲ್ಲಿ ನಿಂತು ನೋಡುತ್ತೇನೆ. ಏನಾದರೂ ಸಿಕ್ಕಿಕೊಂಡು ಗಳು ಬಾಗಿದಾಗಲೆಲ್ಲ ಕಣ್ಣು ಮುಚ್ಚುತ್ತೇನೆ. ಇವತ್ತು ಬಂದದ್ದು ಒಂದು ಹರಿದ ಚಾಪೆ, ಒಂದು ಸೈಕಲ್ ಟೈರು.

ಪ್ರಾರ್ಥನೆ ಮಾಡು. ನನ್ನಿಂದ ಆಗುತ್ತಿಲ್ಲ. ಕಣ್ಣು ಮುಚ್ಚಿದರೆ ನೀರು.

ಅಣ್ಣ


15 ಸೆಪ್ಟೆಂಬರ್ 1988

ಅಣ್ಣಾ,

ನಿನ್ನ ಕಾಗದ ಬಂತು. ಏನು ಬರೆಯಬೇಕೆಂದು ತೋಚದೆ ಬರೆದದ್ದನ್ನು ಹರಿದು ಹಾಕಿದ್ದೇ ಆಯಿತು.

ಇಲ್ಲಿ ಕೆಲಸ ಜಾಸ್ತಿ. ಮೇಣದಲ್ಲಿ ಹಲ್ಲು ಕೂರಿಸುತ್ತ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನಮ್ಮವರು ಮೊನ್ನೆ ಒಳಕೋಣೆಯ ಚಿಲಕ ಕಿತ್ತು ಹಾಕಿದರು. ತುಕ್ಕು ಹಿಡಿದಿತ್ತು.

ಅವಳ ತಾಯಿಗೆ ಹೇಳು, ಆಸೆ ಬಿಡಬಾರದು. ನಿಮ್ಮ ಮಗಳನ್ನು ದೇವರು ಯಾವುದೋ ಒಂದು ಮನೆಯೊಳಗೆ ಬೆಚ್ಚಗಿಟ್ಟಿದ್ದಾನೆ ಎಂದು ನಂಬಿಕೊಂಡಿರಿ ಅನ್ನು. ಮಾತಿಗೆ ಹೇಳುವ ಹಾಗೆ ಹೇಳಬೇಡ. ಕೈ ಹಿಡಿದು ಹೇಳು.

ನನ್ನ ಮೊದಲ ಕಾಗದ ಈಗ ಸಿಕ್ಕಿರಬೇಕು, ಅದರಲ್ಲಿ ಕೇಳಿದ್ದಕ್ಕೆ ಉತ್ತರ ಕೊಡು. ಆ ಮನುಷ್ಯ ಯಾರು? ಮತ್ತೆ, ಪಿಟೀಲು ಎದುರಿಗಿದ್ದರೆ ನೀನು ಅವಳಿಗೆ ಏನು ಹೇಳುತ್ತಿದ್ದೆ? ಅದನ್ನು ನನಗೆ ಬರೆ.

ತಂಗಿ


20 ಸೆಪ್ಟೆಂಬರ್ 1988

ತಂಗೀ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಬೆಚ್ಚಗಿನ ಮನೆಯಂತೆ. ಇಂಥ ಸಮಾಧಾನವನ್ನು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ, ಸಾವಿನ ಮನೆಗಳಲ್ಲಿ. ಕೇಳುವವರಿಗೆ ಅದು ಹೇಗೆ ಚುಚ್ಚುತ್ತದೆಂದು ಈಗ ಗೊತ್ತಾಯಿತು. ಆ ತಾಯಿಗೆ ನಾನು ಅದನ್ನು ಹೇಳಲಿಲ್ಲ.

ಹೇಳದೇ ಇದ್ದದ್ದೇ ಒಳ್ಳೆಯದಾಯಿತು. ನಿನ್ನೆ ನದಿಯ ಕೆಳಗಿನ ಒಡ್ಡಿನಲ್ಲಿ ಒಂದು ಹೆಣ ಸಿಕ್ಕಿತು. ಹುಡುಗಿಯದು, ಹೆಚ್ಚು ಕಡಿಮೆ ಅದೇ ವಯಸ್ಸು. ಗುರುತು ಹಿಡಿಯಲು ಬನ್ನಿ ಎಂದು ಪೊಲೀಸರು ತಾಯಿಯನ್ನು ಕರೆದರು. ಜೊತೆಗೆ ನಾನು ಹೋದೆ.

ಆಸ್ಪತ್ರೆಯ ಹಿಂದೆ, ಅಡುಗೆಮನೆ ದಾಟಿದ ಮೇಲೆ ಬರುತ್ತದೆ ಆ ಕೋಣೆ. ಬಿಳೀ ಹೆಂಚು, ಮೂಲೆಯಲ್ಲಿ ರಬ್ಬರ್ ಪೈಪು, ನೆಲವೆಲ್ಲ ಒದ್ದೆ. ಕಾಲು ಜಾರೀತು ಎಂದು ತಾಯಿ ನನ್ನ ತೋಳು ಹಿಡಿದುಕೊಂಡರು. ನನ್ನ ತೋಳು, ತಂಗೀ. ಮುಖ ನೋಡುವ ಹಾಗಿಲ್ಲಮ್ಮ, ಕಾಲು ನೋಡಿ ಎಂದು ಅಲ್ಲಿಯವನು ಹೇಳಿ, ಬಟ್ಟೆಯನ್ನು ಕೆಳಗಿನಿಂದ ಸರಿಸಿದ. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ನಾನು ಗೋಡೆ ನೋಡುತ್ತಿದ್ದೆ.

"ನನ್ನ ಮಗಳದ್ದಲ್ಲ. ಅವಳ ಹೆಬ್ಬೆರಳು ಒಳಗೆ ತಿರುಗಿದೆ" ಅಂದರು.

ಆಮೇಲೆ ಆ ಬಟ್ಟೆಯನ್ನು ಅವರೇ ಎಳೆದು, ಆ ಪಾದಗಳ ಸುತ್ತ ಸಿಕ್ಕಿಸಿದರು, ಮಲಗಿದ ಮಗುವಿಗೆ ಹೊದಿಸುವ ಹಾಗೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು, "ಇವಳ ಅಮ್ಮ ಎಲ್ಲಿ ಹುಡುಕ್ತಿದ್ದಾಳೋ ಅಯ್ಯನವರೇ" ಅಂದರು. ಆ ತಾಯಿಗಾಗಿ ಪ್ರಾರ್ಥನೆ ಮಾಡಿ ಎಂದು ನನ್ನನ್ನು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರೇ ಮಾಡಿದರು.

ನೀನು ಕೇಳಿದ್ದಕ್ಕೆ ಉತ್ತರ. ಅವಳ ಮನೆಗೆ ನಾನು ಹೋಗಲಿಲ್ಲ. ಅವಳನ್ನು ಕೇಳಲಿಲ್ಲ. ಆ ಮನುಷ್ಯ ಪ್ಯಾಕಿಂಗ್ ವಿಭಾಗದ ಮೇಸ್ತ್ರಿ. ನಮ್ಮ ಸಭೆಯವನೇ. ಹೆಂಡತಿ, ಮೂವರು ಮಕ್ಕಳ ಜೊತೆ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಅವಳು ನಿಂತಿದ್ದಾಗಲೂ ಅಲ್ಲೇ ಕೂತಿದ್ದ. ನಮ್ಮ ಸಭೆಯ ಅರ್ಧ ಜನಕ್ಕೆ ಆ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿದವನು ಅವನು. ಬೇಡವೆನಿಸಿದರೆ ತೆಗೆಸುವುದೂ ಅವನ ಕೈಯಲ್ಲೇ ಇದೆ. ಅವನ ಹೆಂಡತಿ ಮಕ್ಕಳ ಮಾನ ಉಳಿಯಲಿ ಎಂದು ಸುಮ್ಮನಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಅವನನ್ನು ಕಂಡರೆ ಭಯ. ಅವಳನ್ನು ಕಂಡರೆ ಭಯವಿರಲಿಲ್ಲ. ಅದಕ್ಕೇ ಅವಳನ್ನು ನಿಲ್ಲಿಸಿದೆ.

ಅವಳು ಎದುರಿಗಿದ್ದರೆ ಏನು ಹೇಳುತ್ತಿದ್ದೆ ಎಂದು ಕೇಳಿದೆ. ಕೂತುಕೋ ಮಗೂ ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ಮಾತು ನನ್ನ ಹತ್ತಿರ ಉಳಿದಿಲ್ಲ.

ಅಣ್ಣ


ತಂತಿ, 23 ಸೆಪ್ಟೆಂಬರ್ 1988

ಪಿಟೀಲು ಬದುಕಿದ್ದಾಳೆ. ನನ್ನ ಮನೆಯಲ್ಲಿದ್ದಾಳೆ. ತಾಯಿಗೆ ಈಗಲೇ ಹೋಗಿ ಹೇಳು. ಕಾಗದ ಬರುತ್ತಿದೆ.


23 ಸೆಪ್ಟೆಂಬರ್ 1988

ಅಣ್ಣಾ,

ತಂತಿ ಕೊಟ್ಟು ಬಂದು ನೇರ ಕೂತು ಬರೆಯುತ್ತಿದ್ದೇನೆ. ಈ ಹೊತ್ತಿಗೆ ನಿನಗೆ ತಲುಪಿರಬಹುದು.

ಅವಳು ಬಂದದ್ದು ನಾನು ಮೊದಲ ಕಾಗದ ಹಾಕಿದ ಮರುದಿನ ಸಂಜೆ. ಬಾಗಿಲು ತೆಗೆದರೆ ನಿಂತಿದ್ದಳು. ಕೈಯಲ್ಲಿ ಏನೂ ಇಲ್ಲ. "ಟೀಚರಕ್ಕ, ಒಳಗೆ ಬರಬಹುದಾ?" ಎಂದು ಕೇಳಿದಳು. ನಮ್ಮ ಮನೆಯೊಳಗೆ ಬರಲು ಯಾರೂ ಹಾಗೆ ಅಪ್ಪಣೆ ಕೇಳಿದ್ದಿಲ್ಲ.

ಆ ಸೋಮವಾರ ಸೇತುವೆಯ ಮೇಲೆ ನಿಂತದ್ದು ನಿಜ. ಚೀಲ ಭಾರವೆನಿಸಿ ಕೆಳಗಿಟ್ಟಳಂತೆ. "ನೀರು ನೋಡಿ ಹೆದರಿಕೆ ಆಯ್ತು ಟೀಚರಕ್ಕ. ಸಾಯೋಕೂ ಧೈರ್ಯ ಇಲ್ಲ, ಮನೆಗೆ ಹೋಗೋಕೂ ಇಲ್ಲ" ಎಂದು ಹೇಳಿದಳು. ಚೀಲ ಅಲ್ಲೇ ಮರೆತು ರೈಲು ನಿಲ್ದಾಣಕ್ಕೆ ನಡೆದು, ಹೆಂಗಸರ ಕೋಣೆಯ ಬೆಂಚಿನ ಮೇಲೆ ಕೂತವಳು ನಾಲ್ಕೈದು ದಿನ ಅಲ್ಲಿಂದ ಕದಲಲೇ ಇಲ್ಲ. ಅಲ್ಲಿ ಕಸ ಗುಡಿಸುವ ಹೆಂಗಸು ತನ್ನ ಊಟದಲ್ಲಿ ಪಾಲು ಕೊಟ್ಟಳಂತೆ. ಕೊನೆಗೆ ಆಕೆಯೇ, ನಿನಗೆ ಅಂತ ಈ ಲೋಕದಲ್ಲಿ ಯಾರಿದ್ದಾರೆ ಎಂದು ಕೇಳಿ, ಇವಳು ನನ್ನ ಊರು ಹೇಳಿದ ಮೇಲೆ ಗಾಡಿ ಹತ್ತಿಸಿದ್ದಾಳೆ.

ತಕ್ಷಣ ನಿನಗೆ ತಿಳಿಸಲು ಹೊರಟೆ. ಅವಳು ನನ್ನ ಕೈ ಹಿಡಿದು, ಯಾರಿಗಾದರೂ ಹೇಳಿದರೆ ಮತ್ತೆ ಆ ಸೇತುವೆಗೇ ಹೋಗುತ್ತೇನೆ ಎಂದಳು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಮ್ಮವರು ಅವಳು ಮಲಗುವ ಕೋಣೆಯ ಚಿಲಕ ಕಿತ್ತರು. ತುಕ್ಕು ಹಿಡಿದಿರಲಿಲ್ಲ. ಅವಳನ್ನು ಒಂಟಿಯಾಗಿ ಬಿಡಬಾರದೆಂದು ಕೆಲಸಕ್ಕೂ ನನ್ನ ಜೊತೆಯಲ್ಲೇ ಕರೆದುಕೊಂಡು ಹೋದೆ. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತರೆ ಹೊರಗಿನಿಂದ ಏನಾದರೂ ಕೇಳುತ್ತಿದ್ದೆ, ಸೋಪು ಇದೆಯಾ ಅಂತ, ಟವೆಲ್ ಸಿಕ್ಕಿತಾ ಅಂತ. ಅವಳು ಉತ್ತರ ಕೊಡುವವರೆಗೆ ಬಾಗಿಲ ಹತ್ತಿರದಿಂದ ಕದಲುತ್ತಿರಲಿಲ್ಲ.

ನಿನ್ನ ಇಪ್ಪತ್ತನೇ ತಾರೀಖಿನ ಕಾಗದ ಇವತ್ತು ಬೆಳಿಗ್ಗೆ ಬಂತು. ಓದುತ್ತ ನಾನು ಅತ್ತದ್ದನ್ನು ನೋಡಿದಳು. ಬಚ್ಚಿಡಲು ಹೋಗಲಿಲ್ಲ, ಓದಿ ಹೇಳಿದೆ. ಆ ಕೋಣೆಯ ಮಾತು ಬಂದಾಗ, "ಅಮ್ಮನ್ನ ಅಲ್ಲಿಗೆ ಕರ್ಕೊಂಡು ಹೋದ್ರಾ?" ಎಂದು ಒಂದೇ ಮಾತು ಕೇಳಿದಳು. ಆಮೇಲೆ ತನ್ನ ಹೆಬ್ಬೆರಳು ನೋಡಿಕೊಂಡು ಕೂತಳು. ತಂತಿ ಕೊಡೋಣ ಟೀಚರಕ್ಕ ಎಂದು ಚಪ್ಪಲಿ ಹಾಕಿಕೊಂಡವಳು ಅವಳೇ.

ಅಣ್ಣಾ, ಕೊಟ್ಟ ಮಾತು ಅರ್ಧ ಕಾರಣ ಮಾತ್ರ. ದೋಣಿ, ಗಳು, ಕೊಕ್ಕೆ ಎಂದು ನೀನು ಬರೆದಾಗ, ಇವನೂ ಸ್ವಲ್ಪ ಅನುಭವಿಸಲಿ ಅನ್ನಿಸಿತ್ತು ನನಗೆ. ಪ್ರೀತಿಗೆ ಬರೆಯುತ್ತಿದ್ದೇನೆ ಎಂದು ಉಪದೇಶ ಮಾಡಿದವಳು ನಾನೇ. ಅದರ ಮುಂದಿನ ವಾರವೇ ನಿನ್ನನ್ನು ಶಿಕ್ಷಿಸುತ್ತ ಕೂತಿದ್ದೆ. ಆ ಶಿಕ್ಷೆ ನಿನ್ನ ಪಕ್ಕದಲ್ಲಿದ್ದ ತಾಯಿಗೂ ಬೀಳುತ್ತದೆಂದು ಯೋಚಿಸಲಿಲ್ಲ. ಬಯ್ಯಬೇಕೆನಿಸಿದರೆ ಬಯ್ಯಿ.

ತಂಗಿ


27 ಸೆಪ್ಟೆಂಬರ್ 1988

ಪ್ರೀತಿಯ ತಂಗಿಗೆ,

ತಂತಿ ಬಂದಾಗ ನಾನು ನದಿಯ ಹತ್ತಿರವಿದ್ದೆ. ನಿನ್ನ ಅತ್ತಿಗೆ ಮಂಡಿನೋವನ್ನೂ ಮರೆತು ಓಡಿ ಬಂದು ಕೈಯಲ್ಲಿಟ್ಟಳು. ಇಬ್ಬರೂ ಇಸ್ತ್ರಿ ಅಂಗಡಿಗೆ ಹೋದೆವು. ಆ ತಾಯಿ ನಮ್ಮನ್ನು ನೋಡಿ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಪಕ್ಕಕ್ಕಿಟ್ಟು, ಗೋಡೆ ಹಿಡಿದುಕೊಂಡರು. ಇನ್ನೊಂದು ಹೆಣ ಸಿಕ್ಕಿತೆಂದು ಹೇಳಲು ಬಂದಿದ್ದೇವೆ ಅಂದುಕೊಂಡಿದ್ದರು. ಬದುಕಿದ್ದಾಳೆ ಎಂದು ನಿನ್ನ ಅತ್ತಿಗೆ ಹೇಳಿದಳು. ಅವರು ನಂಬಲಿಲ್ಲ. ತಂತಿಯನ್ನು ಮತ್ತೆ ಮತ್ತೆ ಓದಿಸಿದರು.

ನಿನ್ನ ಕಾಗದ ನಿನ್ನೆ ಬಂತು. ಮೊದಲು ಸಿಟ್ಟು ನೆತ್ತಿಗೇರಿತು. ಒಂದು ಉತ್ತರ ಬರೆದೆ. ಅದರಲ್ಲಿ ಎಲ್ಲವೂ ನಿಜವೇ ಇತ್ತು. ಓದಿ ನೋಡಿದರೆ ಅದು ನನ್ನ ಆ ಭಾನುವಾರದ ದನಿಯೇ. ಒಲೆಗೆ ಹಾಕಿದೆ. ಇದು ಬೇರೆ ಕಾಗದ.

ತಂಗೀ, ನಿನ್ನ ಒಂದು ತಪ್ಪನ್ನು ಹೇಳಬೇಕು. ಆ ಕೋಣೆಯ ಒದ್ದೆ ನೆಲದ ಮೇಲೆ ಆ ತಾಯಿ ನಿಲ್ಲಬೇಕಾಗಿರಲಿಲ್ಲ. ನನಗೆ ತಿಳಿಸದಿದ್ದರೂ ಅವರೊಬ್ಬರಿಗೆ ಹೇಗಾದರೂ ತಿಳಿಸುವ ದಾರಿಯನ್ನು ನೀನು ಹುಡುಕಬೇಕಿತ್ತು. ಅವರಿಗೆ ನೀನು ಅದನ್ನು ಹೇಳಿಕೊಳ್ಳಬೇಕು. ಇಷ್ಟೇ. ನಾನು ಇದನ್ನು ನಿನ್ನ ಅತ್ತಿಗೆಗೂ ಹೇಳಿಲ್ಲ, ಇನ್ನು ನಿನಗೂ ಎರಡನೇ ಸಲ ಹೇಳುವುದಿಲ್ಲ. ನೀನು ಆ ಹುಡುಗಿಯನ್ನು ಉಳಿಸಿದೆ. ಇವನೂ ಅನುಭವಿಸಲಿ ಎಂದು ನೀನು ಅಂದುಕೊಂಡದ್ದಕ್ಕೆ ನನಗೆ ನೋವಿಲ್ಲ. ನೀನು ಹಾಗೆ ಬಿಡದಿದ್ದರೆ ನಾನು ಮೇಸ್ತ್ರಿಯ ವಿಷಯವನ್ನು ಇವತ್ತಿಗೂ ಬರೆಯುತ್ತಿರಲಿಲ್ಲವೇನೋ.

ಮೊನ್ನೆ ಭಾನುವಾರ ಪ್ರಸಂಗ ಮಾಡಲಿಲ್ಲ. ಪೀಠದಿಂದ ಇಳಿದು, ಅವಳು ನಿಂತಿದ್ದ ಜಾಗದಲ್ಲಿ ಹೋಗಿ ನಿಂತೆ. ಜನ ತಿರುಗಿ ನೋಡಿದರು. ಅಲ್ಲಿಂದ ಮುಖಗಳೆಲ್ಲ ಎಷ್ಟು ಹತ್ತಿರವಿರುತ್ತವೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳನ್ನು ಕೇಳದೆ, ಅವಳ ಮನೆಗೆ ಹೋಗದೆ, ಭಯಪಟ್ಟು, ದುರ್ಬಲಳೆಂದು ಅವಳೊಬ್ಬಳನ್ನೇ ನಿಲ್ಲಿಸಿದೆ, ತಪ್ಪಾಯಿತು ಎಂದೆ. ಹಿರಿಯರೊಬ್ಬರು ಎದ್ದು ಹೊರಟುಹೋದರು. ಒಂದಷ್ಟು ಹುಡುಗರು, ಹಾಗಾದರೆ ಆ ಗಂಡಸನ್ನೂ ನಿಲ್ಲಿಸಿ ಎಂದು ಕೂಗಿದರು. ಯಾರೆಂದು ಅವರಿಗೆಲ್ಲ ಗೊತ್ತು. ಮೇಸ್ತ್ರಿ ನೆಲ ನೋಡುತ್ತಿದ್ದ. ಅವನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಕಣ್ಣಲ್ಲೇ ಕೇಳುತ್ತಿದ್ದಳು. ನಾನು ಆಶೀರ್ವಾದ ಹೇಳಿ ಆರಾಧನೆ ಮುಗಿಸಿದೆ.

ಪಿಟೀಲಿನ ತಾಯಿಯನ್ನು ನಿನ್ನ ಅತ್ತಿಗೆ ಕರೆದುಕೊಂಡು ಬರುತ್ತಿದ್ದಾಳೆ. ನಾನು ಬರುವುದಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಅವಳು ಹೆದರಬಾರದು.

ನಿನ್ನ ಅಣ್ಣ


8 ಅಕ್ಟೋಬರ್ 1988

ಅಣ್ಣಾ,

ಅವರು ಬಂದದ್ದು ನಾವು ಕೆಲಸದಲ್ಲಿದ್ದಾಗ. ಪಿಟೀಲು ಉಜ್ಜುವ ಚಕ್ರದ ಮುಂದೆ ಕೂತಿದ್ದಳು. ಹಲ್ಲಿನ ಸೆಟ್ಟಿಗೆ ಹೊಳಪು ಕೊಡುವುದನ್ನು ಕಲಿಯುತ್ತಿದ್ದಾಳೆ. ಮುಖದ ತುಂಬ ಬಿಳೀ ಪುಡಿ. ತಾಯಿ ಬಾಗಿಲಲ್ಲಿ ನಿಂತು, ಮುಖ ನೋಡಲಿಲ್ಲ ಅಣ್ಣಾ, ಮೊದಲು ಪಾದ ನೋಡಿದರು. ಆಮೇಲೆ ಹತ್ತಿರ ಹೋಗಿ, ತಮ್ಮ ಕೈಯಿಂದಲೇ ಅವಳ ಮುಖದ ಪುಡಿ ಒರೆಸಲು ಶುರು ಮಾಡಿದರು. ಒರೆಸುತ್ತಲೇ ಇದ್ದರು. ನಾನೂ ಅತ್ತಿಗೆಯೂ ಹೊರಗೆ ಹೋದೆವು.

ಆ ತಾಯಿಗೆ ನನ್ನ ತಪ್ಪು ಹೇಳಿಕೊಂಡೆ. ಅವರು, ಆ ಹೆಣದ ಕೋಣೆಗೆ ಹೋದ ದಿನಾನ ಮಾತ್ರ ಮರೆಯೋಕಾಗಲ್ಲ, ಉಳಿದದ್ದೆಲ್ಲ ಮರೀತೀನಿ ಎಂದರು. ಅಷ್ಟು ಸಾಕು ನನಗೆ. ನೀನು ಹೇಳದಿದ್ದರೆ ನಾನು ಆ ಮಾತೆತ್ತುತ್ತಿರಲಿಲ್ಲ. ಬಯ್ದಿದ್ದರೂ ಎತ್ತುತ್ತಿರಲಿಲ್ಲ.

ಪಿಟೀಲು ವಾಪಸ್ ಬರುವುದಿಲ್ಲವಂತೆ. ತಾಯಿಯೂ ಅಂಗಡಿಯನ್ನು ಇಲ್ಲಿಗೇ ತರುವ ಯೋಚನೆಯಲ್ಲಿದ್ದಾರೆ. ನನ್ನ ಭಯ ಪೂರ್ತಿ ಹೋಗಿಲ್ಲ. ಒಂದೊಂದು ದಿನ ಅವಳು ಕಿಟಕಿಯ ಹತ್ತಿರ ನಿಂತರೆ ಕದಲುವುದೇ ಇಲ್ಲ. ಚಿಲಕವನ್ನು ನಾವು ಇನ್ನೂ ಹಾಕಿಸಿಲ್ಲ.

ನೀನು ಸಭೆಯಲ್ಲಿ ಹೇಳಿದ್ದನ್ನು ಅವಳಿಗೆ ಓದಿದೆ. ಏನಾದರೂ ಬರೆಯಲೇ ಎಂದು ಕೇಳಿದೆ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ:

"ಅಯ್ಯನವರ ಮೇಲೆ ಸಿಟ್ಟಿಲ್ಲ ಅಂತ ಬರೀಬೇಡಿ. ಸಿಟ್ಟಿದೆ. ಭಯಾನೂ ಇದೆ. ನಾನು ಮಾಡಿದ್ದು ಸರಿ ಅಂತಾನೂ ಬರೀಬೇಡಿ. ಬಿಡೋಕೆ ದಾರಿ ಗೊತ್ತಾಗ್ದೆ ಒದ್ದಾಡ್ತಿದ್ದೆ, ಬಿಟ್ರೆ ಕೆಲಸ ಹೋಗುತ್ತೆ ಅಂದಿದ್ರು ಮೇಸ್ತ್ರಿ. ಯಾರಾದ್ರೂ ಬಂದು ಕೇಳ್ಲಿ ಅಂತ ಕಾಯ್ತಿದ್ದೆ. ಅಯ್ಯನವರು ಒಬ್ರೇ ಬಂದು ಕೇಳಿದ್ರೆ ಅವತ್ತೇ ಹೇಳ್ಬಿಡ್ತಿದ್ದೆ."

ಹುಡುಗರು ಮೇಸ್ತ್ರಿಯನ್ನು ನಿಲ್ಲಿಸಬೇಕೆಂದು ಕೂಗಿದ್ದನ್ನೂ ಹೇಳಿದೆ. ಆಗ ಚಕ್ರ ನಿಲ್ಲಿಸಿ ನನ್ನ ಕಡೆ ತಿರುಗಿ, "ಬೇಡ. ಅವರ ಮಕ್ಕಳು ನನ್ನ ಕ್ಲಾಸಿನಲ್ಲಿದ್ರು" ಎಂದಳು.

ತಂಗಿ


17 ಅಕ್ಟೋಬರ್ 1988

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಓದಿದ ಮೇಲೆ ತಡಮಾಡಬಾರದೆಂದುಕೊಂಡೆ. ತಡಮಾಡಿದೆ. ಮೇಸ್ತ್ರಿಯ ಮನೆಯ ಬೀದಿಯವರೆಗೆ ಹೋಗಿ ಎರಡು ಸಲ ಹಿಂದಿರುಗಿದೆ. ಮಧ್ಯೆ ಹುಡುಗರು ಬಂದು, ಈ ಭಾನುವಾರ ನೀವು ನಿಲ್ಲಿಸದಿದ್ದರೆ ನಾವೇ ಎಳೆದು ನಿಲ್ಲಿಸುತ್ತೇವೆ ಎಂದರು. ಮೇಸ್ತ್ರಿಯ ಕಡೆಯವನೊಬ್ಬ ಬಂದು, ಅಯ್ಯನವರು ಬಾಯಿ ಬಿಟ್ಟರೆ ಯಾರ್ಯಾರ ಮನೆಯಲ್ಲಿ ಒಲೆ ಆರುತ್ತದೆ ಎಂದು ಯೋಚಿಸಲಿ ಎಂದು ಹೇಳಿಹೋದ.

ಹುಡುಗರಿಗೆ, ಒಂದು ವಾರ ಕೊಡಿ, ಮೊದಲು ನಾನು ಒಬ್ಬನೇ ಹೋಗುತ್ತೇನೆ ಎಂದೆ. ಅವನಿಗೆ ಹೆದರಿ ಹೀಗನ್ನುತ್ತೀರಿ ಅಂದರು. ಹೆದರಿದ್ದು ನಿಜ, ಆದರೆ ಹೋಗುತ್ತೇನೆ ಎಂದೆ.

ಗುರುವಾರ ಸಂಜೆ ಹೋದೆ. ಅವನ ಹೆಂಡತಿ ಬಾಗಿಲು ತೆಗೆದಳು. ನನ್ನನ್ನು ನೋಡಿ ಅವಳ ಮುಖದ ಬಣ್ಣ ಇಳಿಯಿತು. ಮಕ್ಕಳು ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದವು. ಅವನು ಎದ್ದು ನಿಂತ. ಎದ್ದು ನಿಂತ ಮನುಷ್ಯ ನನಗಿಂತ ಒಂದು ಗೇಣು ಎತ್ತರ, ಕೈ ಮುಷ್ಟಿ ಕಟ್ಟಿತ್ತು. ಹೊಡೆದರೆ ಹೊಡೆಯಲಿ ಅಂದುಕೊಂಡೆ. ನಾನು ಆಡಿದ ಮೊದಲ ಮಾತು, "ಕೂತ್ಕೊಳ್ಳಿ. ನಾನೂ ಕೂತ್ಕೋತೀನಿ" ಅಂತ.

ಅವನು ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಏನು ಮಾತಾಯಿತು ಎಂದು ನಿನಗೆ ಬರೆಯುವುದಿಲ್ಲ. ನಿನ್ನ ಅತ್ತಿಗೆ ಕೇಳಿದಳು, ಅವಳಿಗೂ ಹೇಳಲಿಲ್ಲ. ಒಂದು ವಿಷಯ ಮಾತ್ರ ಗುಟ್ಟಲ್ಲ, ಅದನ್ನು ಅವನಿಗೂ ಹೇಳಿಯೇ ಬಂದಿದ್ದೇನೆ. ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ ಅವನು ಇನ್ನು ಯಜಮಾನಿಕೆ ಮಾಡಬಾರದು. ಕಾರಣವನ್ನು ಅವನೇ ಹೋಗಿ ಮ್ಯಾನೇಜರಿಗೆ ಹೇಳಬೇಕು, ಇಲ್ಲವಾದರೆ ನಾನು ಹೋಗುತ್ತೇನೆ. ಶನಿವಾರ ಅವನೇ ಹೋಗಿದ್ದಾನೆ. ಈಗ ಅವನಿಗೆ ಗೋದಾಮಿನಲ್ಲಿ ಕೆಲಸ, ಕೆಳಗೆ ಯಾರೂ ಇಲ್ಲ. ಸದ್ಯಕ್ಕೆ ಯಾರ ಕೆಲಸವೂ ಹೋಗಿಲ್ಲ. ಹೋಗಬಹುದೆಂಬ ಭಯ ಎಲ್ಲರಿಗೂ ಇದೆ, ನನಗೂ ಇದೆ.

ನಿನ್ನೆ ಭಾನುವಾರ ಬಂದಿದ್ದ. ಹಿಂದಿನ ಸಾಲಿನಲ್ಲಿ ಕೂತ. ಹೆಂಡತಿ ಮಕ್ಕಳು ಮುಂದೆ, ಅವನು ಹಿಂದೆ. ಕರ್ತನ ಭೋಜನದ ರೊಟ್ಟಿ ಹಂಚುವಾಗ ಮುಂದೆ ಬರಲಿಲ್ಲ. ನಾನು ಹೇಳಿದ್ದಲ್ಲ, ತಾನಾಗಿಯೇ ಕೂತಿದ್ದ. ಹುಡುಗರು ನನ್ನ ಮುಖ ನೋಡಿದರು, ಆಮೇಲೆ ಅವನ ಕಡೆ ನೋಡಿದರು. ಯಾರೂ ಏಳಲಿಲ್ಲ.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಕೊಡುತ್ತಿದ್ದೆ. ಅವನ ಸರದಿ ಬಂತು. ಕೈ ಕೊಟ್ಟ. ತಣ್ಣಗಿತ್ತು, ಬೆವೆತಿತ್ತು. ನನ್ನದೂ ಹಾಗೇ ಇತ್ತು.

ನಿನ್ನ ಅಣ್ಣ